ಬೆನ್ನುಮೂಳೆ ಒಳಗೊಂಡಿಲ್ಲ: ಬಳಸುವ ಮುನ್ನ ಓದಿ

ಅಕಶೇರುಕ ಪ್ರಾಣಿಗಳ ವಿಕಾಸ ಮತ್ತು ಬೆಳವಣಿಗೆಯ ಅಭ್ಯಾಸವನ್ನು ಆರಿಸಿಕೊಂಡಿದ್ದಕ್ಕೆ ತಮಗೆ ಧನ್ಯವಾದಗಳು. ಡಬ್ಬಿ ಬಿಚ್ಚುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ, ಮುಂದೆ ಬೇಕಾದೀತು ಎಂದು ಜೋಪಾನವಾಗಿ ಎತ್ತಿಡಿ. ಎಲ್ಲಿ ಎತ್ತಿಟ್ಟಿರಿ ಎಂಬುದನ್ನು ಮರೆತುಬಿಡಿ. ಕೈಪಿಡಿಗಳ ಹಣೆಬರಹವೇ ಅಷ್ಟು.

ಮೊದಲು ಹೆಸರಿನ ತಕರಾರು ಮುಗಿಸಿಕೊಳ್ಳೋಣ. ಅಕಶೇರುಕ ಎಂದರೆ ಬೆನ್ನುಮೂಳೆ ಇಲ್ಲದ್ದು. ಪ್ಯಾರಿಸಿನ ಲಮಾರ್ಕ್ ಮಹಾಶಯ 1801ರಲ್ಲಿ ಈ ಲೆಕ್ಕದಲ್ಲಿ ಒಂದು ಪುಸ್ತಕವನ್ನೇ ಬರೆದ. ಅಲ್ಲಿಂದ ಆ ಹೆಸರು ಅಂಟಿಕೊಂಡಿತು. ಭೂಮಿಯ ಮೇಲಿನ ಪ್ರಾಣಿಜಾತಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಇವೇ. ಇಡೀ ಊರಿಗೆ ಊರನ್ನೇ ‘ಕಾರಿಲ್ಲದವರು’ ಎಂದು ಕರೆದು, ಕಾರಿರುವ ನಾಲ್ಕು ಮನೆಯವರು ಊರಿನ ಚರಿತ್ರೆ ಬರೆದಂತಾಯಿತು. ಹೋಗಲಿ. ಹುಳುಗಳೇನೂ ಬೇಜಾರು ಮಾಡಿಕೊಂಡಿಲ್ಲ.

ಬೇಕಾಗುವ ಸಾಮಾನು

ಒಂದು ಭೂತಗನ್ನಡಿ, ಒಬ್ಬ ದೊಡ್ಡಮ್ಮ. ಭೂತಗನ್ನಡಿ ಸಿಗದಿದ್ದರೆ ಚಿಂತೆಯಿಲ್ಲ.

ದೊಡ್ಡಮ್ಮನನ್ನು ತಲುಪಲು ಬೆಂಗಳೂರಿಂದ ಹೈದರಾಬಾದ್ ರಸ್ತೆ ಹಿಡಿಯಿರಿ. ಜಕ್ಕೂರಿನ ಹತ್ತಿರ ಬಂದಾಗ ಒಮ್ಮೆ ಕೈ ಮುಗಿಯಿರಿ. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಮತ್ತು ಅವರ ಶಿಷ್ಯರು ಹಣ್ಣಿನ ನೊಣಗಳನ್ನು ಸಾಕಿ, ಬೇಗ ಬೆಳೆದವನ್ನೇ ಆರಿಸಿ ಆರಿಸಿ ನೂರಾರು ತಲೆಮಾರು ಮುಂದುವರಿಸಿದರು. ನೊಣಗಳು ನಿಜಕ್ಕೂ ಬೇಗ ಬೆಳೆಯಲು ಕಲಿತವು, ಮೈಯಲ್ಲಿ ಮಾತ್ರ ಕಿರಿದಾದವು. ವಿಕಾಸವನ್ನು ಸೀಸೆಯಲ್ಲಿ ಹಿಡಿದಿಡುವ ಕೆಲಸ ಅದು. ನಾವು ಹೊರಟಿರುವುದು ಅದೇ ಕೆಲಸವನ್ನು ಸೀಸೆ, ಅನುದಾನ, ಹವಾನಿಯಂತ್ರಣ ಯಾವುದೂ ಇಲ್ಲದೆ ಮಾಡಿದವರ ಕಡೆಗೆ. ವಿಮಾನ ನಿಲ್ದಾಣದ ತಿರುವಿನಲ್ಲಿ ತಿರುಗದೆ ನೇರ ಬನ್ನಿ. ದೇವನಹಳ್ಳಿ ದಾಟಿ, ಚಿಕ್ಕಬಳ್ಳಾಪುರ ಮುಟ್ಟುವ ಮೊದಲು ಒಂದು ಬಂಡೆಗುಡ್ಡ, ಅದರ ಮೇಲೆ ತಿಮ್ಮರಾಯಸ್ವಾಮಿ ಗುಡಿ ಕಂಡರೆ ಅದೇ ಆವತಿ.

ಕಂಚಿ ಸೀಮೆಯಿಂದ ಬಂಡಿ ಕಟ್ಟಿಕೊಂಡು ಬಂದ ರಣಭೈರೇಗೌಡರ ಕುಟುಂಬ ಇಲ್ಲಿ ತಂಗಿತು, ಅವರ ಕುಡಿಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕಗಳಿಗೆ ಹರಡಿ ಒಬ್ಬೊಬ್ಬರು ಒಂದೊಂದು ಬಗೆಯ ಪಾಳೇಗಾರರಾದರು ಎನ್ನುತ್ತದೆ ಇಲ್ಲಿನ ಐತಿಹ್ಯ. ಬೆಂಗಳೂರು ಕಟ್ಟಿದ ಕೆಂಪೇಗೌಡರೂ ಈ ಬಳ್ಳಿಯ ಕಾಯಿಯೇ. ಒಂದು ಮೂಲ, ಹಲವು ಕವಲು, ಕವಲಿಗೊಂದು ಕೋಟೆ. ವಿಕಾಸದ ಮೊದಲ ಪಾಠ ಬಸ್ ಸ್ಟಾಪಿನಲ್ಲೇ ಮುಗಿಯಿತು. ಇನ್ನು ದೊಡ್ಡಮ್ಮನ ಮನೆಗೆ ಬನ್ನಿ. ಚಪ್ಪಲಿ ಹೊರಗೆ ಬಿಡಿ. ಕಾಲು ತೊಳೆಯಿರಿ. ಇದು ಮಡಿಯಲ್ಲ, ಬ್ಲೀಚಿಂಗ್ ಪುಡಿ.

ಉಪಕರಣ ಚಾಲೂ ಮಾಡುವುದು

ನಮ್ಮ ಉಪಕರಣದ ಹೆಸರು ರೇಷ್ಮೆ ಹುಳು. ಮೊಟ್ಟೆಯ ರೂಪದಲ್ಲಿ, ಒಂದು ಹಾಳೆಗೆ ಅಂಟಿಕೊಂಡು ಬರುತ್ತದೆ. ಗಸಗಸೆಯಷ್ಟು ಗಾತ್ರ. ಒಳಗೆ ಏನು ನಡೆದಿದೆ ಎಂದು ನೋಡಲು ಸಿಪ್ಪೆ ಒಡೆಯಬೇಕಿಲ್ಲ. ಒಡೆಯುವುದಕ್ಕೆ ಎರಡು ದಿನ ಮುಂಚೆ ಮೊಟ್ಟೆಯ ಒಳಗೆ ಸೂಜಿಮೊನೆಯಂಥ ಕಪ್ಪು ಚುಕ್ಕೆ ಮೂಡುತ್ತದೆ. ಅದು ತಲೆ. ಮರುದಿನ ಮೊಟ್ಟೆಯೆಲ್ಲ ನೀಲಿಗಪ್ಪು. ಅಂದರೆ ಭ್ರೂಣಕ್ಕೆ ಮೈಬಣ್ಣ ಬಂತು. ಭ್ರೂಣಶಾಸ್ತ್ರದ ಪ್ರಯೋಗಾಲಯದಲ್ಲಿ ಬಣ್ಣ ಹಾಕಿ, ಕತ್ತರಿಸಿ ನೋಡುವುದನ್ನು ಇಲ್ಲಿ ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಾರೆ. ಚುಕ್ಕೆ ಕಂಡ ಕೂಡಲೇ ಹಾಳೆಯನ್ನು ಕಪ್ಪು ಬಟ್ಟೆ ಸುತ್ತಿ ಕತ್ತಲಲ್ಲಿಡಬೇಕು. ಮುಂದೆ ಇರುವವು ಕಾಯುತ್ತವೆ, ಹಿಂದೆ ಬಿದ್ದವು ಬಂದು ಸೇರಿಕೊಳ್ಳುತ್ತವೆ. ಬೆಳಿಗ್ಗೆ ಬೆಳಕಿಗೆ ತೆಗೆದರೆ ಸಾವಿರಾರು ಮರಿ ಒಂದೇ ಹೊತ್ತಿಗೆ ಹೊರಗೆ. ನಮ್ಮ ಊರಿನ ಗ್ರಾಮಸಭೆಗೆ ಈ ಉಪಾಯ ಯಾರೂ ಪ್ರಯತ್ನಿಸಿಲ್ಲ.

ಉಪಕರಣ ಚಾಲೂ ಆಗದಿದ್ದರೆ? ದ್ವಿತಳಿ ಎಂಬ ಬಗೆಯ ಮೊಟ್ಟೆಗಳಲ್ಲಿ ಇದು ಮಾಮೂಲಿ ದೂರು. ಚಳಿದೇಶದ ಮೂಲದ ಅವು ಇಟ್ಟ ಒಂದೆರಡು ದಿನಕ್ಕೇ ಬೆಳವಣಿಗೆ ನಿಲ್ಲಿಸಿ ಚಳಿಗಾಲ ಕಳೆಯಲು ಮಲಗಿಬಿಡುತ್ತವೆ. ದೇವನಹಳ್ಳಿಯಲ್ಲಿ ಅಂಥ ಚಳಿ ಎಲ್ಲಿಂದ ತರುವುದು? ಪರಿಹಾರ: ಬಿಸಿ ಮಾಡಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಅದ್ದಿ ತೆಗೆಯುವುದು. ತಮಾಷೆಯಲ್ಲ, ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ದಿನನಿತ್ಯ ಮಾಡುವುದೇ ಇದು. ಬೇರೆ ಯಾವ ಯಂತ್ರದ ಕೈಪಿಡಿಯಲ್ಲಾದರೂ ‘ಸ್ಟಾರ್ಟ್ ಆಗದಿದ್ದರೆ ಆಸಿಡ್ಡಿನಲ್ಲಿ ಅದ್ದಿ’ ಎಂದು ಬರೆದದ್ದನ್ನು ತೋರಿಸಿ. ಇನ್ನೂ ಸೋಜಿಗ ಎಂದರೆ, ಮಲಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮೊಟ್ಟೆಯಲ್ಲ, ಅದರ ತಾಯಿ. ಅದೂ ತಾಯಿ ತಾನೇ ಮೊಟ್ಟೆಯೊಳಗಿದ್ದಾಗ ಕಂಡ ಬೆಳಕು, ಸೆಕೆಗಳ ಲೆಕ್ಕದ ಮೇಲೆ. ಬೆಚ್ಚಗೆ, ದೀರ್ಘ ಬೆಳಕಿನಲ್ಲಿ ಬೆಳೆದ ಹೆಣ್ಣು ಇಡುವ ಮೊಟ್ಟೆ ಮಲಗುತ್ತದೆ. ತಣ್ಣಗೆ, ಕತ್ತಲಲ್ಲಿ ಬೆಳೆದದ್ದರ ಮೊಟ್ಟೆ ಎದ್ದೇ ಇರುತ್ತದೆ. ಇದನ್ನು ದೊಡ್ಡಮ್ಮನಿಗೆ ವಿವರಿಸಿದೆ. “ಬಸುರಿ ಕಂಡಿದ್ದು ಕೂಸಿಗೆ ಬತ್ತದೆ, ಅದ್ರಲ್ಲೇನು ದೊಡ್ಡಿದು” ಎಂದರು. ನಮ್ಮ ನಾಟಿ ಮೈಸೂರು ತಳಿಗೆ ಈ ಉಸಾಬರಿಯೇ ಇಲ್ಲ, ವರ್ಷವಿಡೀ ಮೊಟ್ಟೆ ಒಡೆದು ಹುಳುವಾಗುತ್ತಲೇ ಇರುತ್ತದೆ.

ಜ್ವರ ಬಂದರೆ ಗಾಬರಿ ಬೇಡ

ಈ ಕೈಪಿಡಿಯಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನು ಓದಿ.

ಹುಳು ಮೊಟ್ಟೆಯಿಂದ ಗೂಡಿನವರೆಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಪುಸ್ತಕದಲ್ಲಿ ಇದಕ್ಕೆ ನಿರ್ಮೋಚನೆ ಎಂಬ ಪದವಿದೆ. ಆವತಿ, ಪಕ್ಕದ ವಿಜಯಪುರ, ಶಿಡ್ಲಘಟ್ಟದ ಕಡೆ ಯಾರ ಬಾಯಲ್ಲೂ ಆ ಪದ ಬರುವುದಿಲ್ಲ. ಇಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ. ಹುಳು ಜ್ವರಕ್ಕೆ ಕೂರುತ್ತದೆ, ಜ್ವರ ಏಳುತ್ತದೆ. ಬೆಂಗಳೂರಿಂದ ಫೋನ್ ಮಾಡಿ “ಎಲ್ಲ ಆರಾಮಾ?” ಎಂದರೆ “ಮೂರನೇ ಜ್ವರ ಕಣಪ್ಪ” ಎಂಬ ಉತ್ತರ ಬರುತ್ತದೆ. ಮೊದಮೊದಲು ನಾನು ಪ್ಯಾರಾಸಿಟಮಾಲ್ ಕಳಿಸಲು ಹೊರಟಿದ್ದುಂಟು.

ಜ್ವರಕ್ಕೆ ಕೂತ ಹುಳು ಹತ್ತಿರದಿಂದ ನೋಡುವಂಥದ್ದು. ತಿನ್ನುವುದನ್ನು ನಿಲ್ಲಿಸಿ, ಹಿಂಗಾಲುಗಳನ್ನು ಎಲೆಗೆ ರೇಷ್ಮೆಯ ಎಳೆಯಿಂದ ಬಿಗಿದುಕೊಂಡು, ಎದೆ ಎತ್ತಿ, ತಲೆ ಮೇಲೆ ಮಾಡಿ ಕಲ್ಲಿನಂತೆ ಕೂರುತ್ತದೆ. ಸುಮಾರು ಒಂದು ದಿನ. ಬೆನ್ನುಮೂಳೆಯಿಲ್ಲದ ಪ್ರಾಣಿ ಅಷ್ಟು ಹೊತ್ತು ನೆಟ್ಟಗೆ ಕೂರುವುದನ್ನು ನೋಡಿದರೆ ಲಮಾರ್ಕನಿಗೂ ನಾಚಿಕೆಯಾಗಬೇಕು. ಭೂತಗನ್ನಡಿ ಹಿಡಿಯಿರಿ. ಮುಂದೆ ಚಿಕ್ಕ ಹಳೇ ತಲೆ. ಅದರ ಹಿಂದೆ, ಕುತ್ತಿಗೆಯ ಚರ್ಮದಡಿ, ಮುಕ್ಕೋನಾಕಾರದ ಬಿಳಿಚು ಊತ. ಅದು ಹೊಸ ತಲೆ. ಹಳೆಯದಕ್ಕಿಂತ ದೊಡ್ಡದು, ಹಳೆಯದರೊಳಗೆ ಹಿಡಿಸುವುದಿಲ್ಲ, ಅದಕ್ಕೇ ಹಿಂದೆ ತಯಾರಾಗುತ್ತಿದೆ. ಹೊತ್ತು ಬಂದಾಗ ಚರ್ಮ ಸೀಳಿ ಹುಳು ಮುಂದಕ್ಕೆ ತೆವಳುತ್ತದೆ, ಹಳೇ ಅಂಗಿ ಬಾಲದ ಕಡೆಗೆ ಜಾರುತ್ತದೆ, ಮೂತಿಯ ಮೇಲಿನ ಹಳೇ ತಲೆಚಿಪ್ಪು ಕಾಳಿನ ಸಿಪ್ಪೆಯಂತೆ ಉದುರುತ್ತದೆ. ಹೊರಚರ್ಮ ಮಾತ್ರವಲ್ಲ, ಉಸಿರುಕೊಳವೆಗಳ ಒಳಪದರವೂ ಅದರ ಜೊತೆ ಎಳೆದುಕೊಂಡು ಹೊರಬರುತ್ತದೆ. ಯಾರೋ ಒಳಗಿಂದ ಶ್ವಾಸನಾಳವನ್ನು ಕಾಲುಚೀಲದಂತೆ ಕಳಚಿದರೆ ನಮಗೂ ಜ್ವರವೇ ಬರುತ್ತಿತ್ತು.

ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಣ್ಣದ ಪುಡಿ ಚಿಮುಕಿಸಿ ಹಾಸಿಗೆ ಒಣಗಿಸಿ ಸುಮ್ಮನಿರಬೇಕು. ಮೊದಲೆದ್ದವಕ್ಕೆ ಆಸೆಬುರುಕರಂತೆ ಸೊಪ್ಪು ಕೊಟ್ಟರೆ ಬೆಳೆ ಏರುಪೇರು. ನೂರಕ್ಕೆ ತೊಂಬತ್ತು ಎದ್ದ ಮೇಲೇ ಪಂಕ್ತಿ ಕೂರಿಸಬೇಕು.

ಜ್ವರವನ್ನು ನಡೆಸುವುದು ಎರಡು ಹಾರ್ಮೋನುಗಳು. ಎಕ್ಡೈಸೋನ್ ‘ಪೊರೆ ಬಿಡು’ ಎನ್ನುತ್ತದೆ. ಜುವೆನೈಲ್ ಹಾರ್ಮೋನು ‘ಬಿಟ್ಟರೂ ಹುಳುವಾಗೇ ಇರು’ ಎನ್ನುತ್ತದೆ. ಎರಡನೆಯದು ಬತ್ತಿದಾಗ ಮೊದಲನೆಯದು ಕೂಗಿದರೆ ಹುಳು ಕೋಶವಾಗುತ್ತದೆ. ಇದನ್ನು ಕಂಡುಹಿಡಿಯಲು ರೇಷ್ಮೆ ಹುಳುಗಳು ಸವೆದದ್ದು ಅಷ್ಟಿಷ್ಟಲ್ಲ. 1938ರಲ್ಲಿ ಫ್ರಾನ್ಸಿನ ಬೂನಿಯೋಲ್ ಎಳೆ ಹುಳುಗಳ ತಲೆಯ ಹಿಂದಿನ ಸಣ್ಣ ಗ್ರಂಥಿ ತೆಗೆದ. ಅವು ಬೆಳೆಯುವ ಮೊದಲೇ ಆಟಿಕೆಯಷ್ಟು ಪುಟ್ಟ ಕೋಶಗಳಾದವು. ಜಪಾನಿನ ಫುಕುಡಾ ಹುಳುವಿನ ಮೈಗೆ ದಾರ ಬಿಗಿದ. ದಾರದ ಮುಂದಿನ ಭಾಗ ಕೋಶವಾಯಿತು, ಹಿಂದಿನದು ಹುಳುವಾಗೇ ಉಳಿಯಿತು. 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್ಸನ್ ಸುಮಾರು 500 ಕೆಜಿ ರೇಷ್ಮೆ ಕೋಶ ಅರೆದು 25 ಮಿಲಿಗ್ರಾಂ ಎಕ್ಡೈಸೋನ್ ಹರಳು ತೆಗೆದರು. ಒಂದು ಚಿಟಿಕೆಯೂ ಅಲ್ಲ.

ಈಗ ಆವತಿಯ ಕಡೆಗೆ ತಿರುಗಿ. ಹುಳುಗಳಲ್ಲಿ ಒಂದೆರಡು ಹಣ್ಣಾಗತೊಡಗಿದಾಗ, ಅಂದರೆ ಗೂಡು ಕಟ್ಟಲು ಸಿದ್ಧವಾದಾಗ, ಸೊಪ್ಪಿನ ಮೇಲೆ ‘ಸಂಪೂರ್ಣ’ ಎಂಬ ಔಷಧಿಯನ್ನು ಚಿಮುಕಿಸುವುದು ರೈತರಿಗೆ ಗೊತ್ತಿರುವ ಕೆಲಸ. ಅದರಲ್ಲಿರುವುದು ಗಿಡದಿಂದ ತೆಗೆದ ಎಕ್ಡೈಸೋನ್ ಜಾತಿಯ ವಸ್ತುವೇ. ತಿಂದ ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗುತ್ತವೆ, ಕೂಲಿ ಒಂದೇ ದಿನಕ್ಕೆ ಮುಗಿಯುತ್ತದೆ. ಜರ್ಮನಿಯಲ್ಲಿ ಅರ್ಧ ಟನ್ ಕೋಶ ಅರೆದು ಸಿಕ್ಕಿದ ಜ್ಞಾನ ನಮ್ಮ ದೊಡ್ಡಮ್ಮನ ಸ್ಪ್ರೇ ಡಬ್ಬಿಯಲ್ಲಿ.

ಎಚ್ಚರಿಕೆ

ನಾಲ್ಕನೇ ಜ್ವರ ಎದ್ದ ಹುಳು ಬೇರೆಯೇ ಪ್ರಾಣಿ. ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗವನ್ನು ಕೊನೆಯ ಆ ಒಂದು ವಾರದಲ್ಲೇ ತಿನ್ನುತ್ತದೆ. ಹುಟ್ಟಿದಾಗಿನ ತೂಕಕ್ಕೆ ಹತ್ತು ಸಾವಿರ ಪಟ್ಟು. ಮೂರು ಕೆಜಿಯ ಕೂಸು ತಿಂಗಳೊಳಗೆ ಮೂವತ್ತು ಟನ್ ಆದಂತೆ. ಹುಳು ಮೇಯುವ ಸದ್ದು ಮಳೆಯಂತಿರುತ್ತದೆ ಎನ್ನುವುದು ಬರೆಯುವವರ ಚಟ. ನನಗೆ ಕೇಳಿದ್ದು ಮದುವೆಮನೆ ಅಡುಗೆಯವರು ಕೊತ್ತಂಬರಿ ಸೊಪ್ಪು ಹೆಚ್ಚುವ ಸದ್ದು. ಆ ವಾರ ಮನೆಯವರು ಯಾರ ನಾಮಕರಣಕ್ಕೂ ಹೋಗುವುದಿಲ್ಲ, ಯಾರೊಡನೆಯೂ ಜಗಳ ಮಾಡುವುದಿಲ್ಲ, ಪುರುಸೊತ್ತಿಲ್ಲ. ಐದು ಸಾವಿರ ವರ್ಷದ ಹಿಂದೆ ಚೀನಾದವರು ಹುಳು ಸಾಕಲು ಕಲಿತರು ಎಂದು ಪುಸ್ತಕ ಹೇಳುತ್ತದೆ. ಈ ಮನೆಯ ದಿನಚರಿ ನೋಡಿದರೆ ಸಾಕುಪ್ರಾಣಿ ಯಾರು ಎಂಬ ಅನುಮಾನ ಬರುತ್ತದೆ.

ಅಂಥದ್ದೊಂದು ವಾರದಲ್ಲಿ ನಾನು ‘ಅಭ್ಯಾಸ’ಕ್ಕೆಂದು ಹೋಗಿ ಹುಳುಮನೆಯ ಜಗುಲಿಯಲ್ಲಿ ಮಲಗಿದೆ. ಸೊಳ್ಳೆ ಕಾಟ. ಚೀಲದಲ್ಲಿದ್ದ ಸೊಳ್ಳೆಬತ್ತಿ ಹಚ್ಚಿದೆ. ಬೆಳಿಗ್ಗೆ ಕಿಟಕಿ ಪಕ್ಕದ ಅಂಕಣದ ಹುಳುಗಳು ತಲೆ ಒದರುತ್ತ, ಹಸಿರು ನೀರು ಕಕ್ಕುತ್ತ, ಮೈ ಕುಗ್ಗಿಸಿಕೊಂಡು ಒದ್ದಾಡುತ್ತಿದ್ದವು. ಸೊಳ್ಳೆಯ ನರಕ್ಕೆ ಹತ್ತುವ ವಿಷ ಹುಳುವಿನ ನರಕ್ಕೂ ಹತ್ತುತ್ತದೆ. ಇಬ್ಬರೂ ಕೀಟಗಳು, ಕೋಟಿಗಟ್ಟಲೆ ವರ್ಷದ ಹಿಂದಿನ ಅಜ್ಜಿಯೊಬ್ಬಳ ಮೊಮ್ಮಕ್ಕಳು. ಸಾಮಾನ್ಯ ಪೂರ್ವಜ ಎಂಬ ತತ್ತ್ವಕ್ಕೆ ಇದಕ್ಕಿಂತ ದುಬಾರಿ ಪುರಾವೆ ನಾನು ಕಂಡಿಲ್ಲ. ದೊಡ್ಡಮ್ಮ ಬೈಯಲಿಲ್ಲ. ಸತ್ತವನ್ನು ಮೊರಕ್ಕೆ ಎತ್ತಿ ಗುಂಡಿಗೆ ಹಾಕಿ ಬಂದು, “ಓದಿದ್ದೀಯ ಅಂತಿದ್ರು” ಎಂದರಷ್ಟೆ.

ಪಕ್ಕದ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆದ ದಿನ ಗಾಳಿ ಯಾವ ಕಡೆಗಿತ್ತು ಎಂದು ವಿಚಾರಿಸದೆ ಸೊಪ್ಪು ಕೊಯ್ಯಬೇಡಿ. ಹುಳುವಿನ ಮೈಮೇಲೆ ಕರೀ ಮಚ್ಚೆ ಕಂಡರೆ ಊಜಿ ನೊಣ ಬಂದಿದೆ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಈ ಅತಿಥಿ ಹುಳುವಿನ ಚರ್ಮದ ಮೇಲೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಮರಿ ಒಳಹೊಕ್ಕು ಹುಳುವನ್ನು ಉಣ್ಣುತ್ತ ಬೆಳೆಯುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡಲು ಊಜಿಯ ಕೋಶದೊಳಗೇ ಮೊಟ್ಟೆಯಿಡುವ ಇನ್ನೊಂದು ಪುಟ್ಟ ಕಣಜವನ್ನು ತಂದು ಬಿಡುತ್ತಾರೆ. ಕಣಜ ನೊಣದೊಳಗೆ, ನೊಣ ಹುಳುವಿನೊಳಗೆ, ಹುಳು ಸಾಲದೊಳಗೆ.

ಬಿಡಿಭಾಗಗಳ ಪರಿಚಯ

ದೊಡ್ಡ ಹುಳುವೊಂದನ್ನು ಅಂಗೈ ಮೇಲಿಟ್ಟುಕೊಂಡು ಬೆನ್ನಿನ ನಡುಗೆರೆ ನೋಡಿ. ಚರ್ಮದಡಿ ಏನೋ ಅಲೆಯಂತೆ ಹಿಂದಿನಿಂದ ಮುಂದಕ್ಕೆ ಮಿಡಿಯುತ್ತದೆ. ಅದು ಹೃದಯ. ಬೆನ್ನಿನಲ್ಲಿದೆ. ನರದ ಹುರಿ ಹೊಟ್ಟೆಯ ಕಡೆ ಇದೆ. ನಮಗೆ ಇದರ ತದ್ವಿರುದ್ಧ. ಜೋಡಣೆಯಲ್ಲಿ ತಪ್ಪಾಗಿದೆ ಎಂದು ಹಿಂದಿರುಗಿಸಲು ಹೋಗಬೇಡಿ. 1822ರಲ್ಲೇ ಫ್ರಾನ್ಸಿನ ಜೊಫ್ರುವಾ ಸ್ಯಾಂತಿಲೇರ್, ಬೆನ್ನುಮೂಳೆಯ ಪ್ರಾಣಿ ಎಂದರೆ ಅಂಗಾತ ಬಿದ್ದ ಲಾಬ್‌ಸ್ಟರಿನಂಥದ್ದು ಎಂಬರ್ಥದ ಮಾತಾಡಿ ನಗೆಪಾಟಲಾಗಿದ್ದ. 1990ರ ದಶಕದಲ್ಲಿ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ಭ್ರೂಣಕ್ಕೆ ತಿಳಿಸುವ ಜೀನುಗಳನ್ನು ನೊಣದಲ್ಲೂ ಕಪ್ಪೆಯಲ್ಲೂ ಹೋಲಿಸಿದಾಗ, ಅವೇ ಜೀನುಗಳು, ಮೇಲುಕೆಳಗಾಗಿ. ಅಂಗಾತ ಬಿದ್ದವರು ಯಾರು ಎಂಬುದನ್ನು ಮಾತ್ರ ಅಂಗೈ ಮೇಲಿನ ಹುಳುವಿನ ಮುಂದೆ ಚರ್ಚಿಸಬೇಡಿ.

ಎದೆಯಲ್ಲಿ ಮೂರು ಜೊತೆ ನಿಜವಾದ ಕಾಲು, ಹೊಟ್ಟೆಯಲ್ಲಿ ನಾಲ್ಕು ಜೊತೆ ತೊಗಲಿನ ಕಾಲು, ಬಾಲದಲ್ಲಿ ಇನ್ನೊಂದು ಜೊತೆ. ಯಾವ ಖಂಡಕ್ಕೆ ಯಾವ ಕಾಲು ಎಂದು ನಿರ್ಧರಿಸುವ ಹಾಕ್ಸ್ ಜೀನುಗಳಲ್ಲಿ ಎಡವಟ್ಟಾದರೆ ಹೆಚ್ಚಿನ ಕಾಲು, ತಪ್ಪು ಜಾಗದಲ್ಲಿ ಮಚ್ಚೆ ಇರುವ ಹುಳು ಹುಟ್ಟುತ್ತದೆ. ಜಪಾನಿನವರು ಅಂಥ ವಿಚಿತ್ರಗಳನ್ನು ಎಸೆಯದೆ ಕೂಡಿಟ್ಟು, ಹೆಸರು ಕೊಟ್ಟು ಸಾಕಿದರು. ಅಲ್ಲಿನ ತೋಯಾಮಾ 1906ರಲ್ಲಿ, ಮೆಂಡೆಲನ ಬಟಾಣಿಯ ನಿಯಮ ರೇಷ್ಮೆ ಹುಳುವಿಗೂ ಒಪ್ಪುತ್ತದೆ ಎಂದು ತೋರಿಸಿದ್ದ. ನಮ್ಮ ಮನೆಯಲ್ಲಿ ವಿಚಿತ್ರ ಹುಳು ಕಂಡರೆ ಕೋಳಿಗೆ. ವಿಜ್ಞಾನಕ್ಕೆ ನಷ್ಟ, ಕೋಳಿಗೆ ಲಾಭ.

ಮುಖ್ಯವಾದ ಬಿಡಿಭಾಗ ರೇಷ್ಮೆಗ್ರಂಥಿ. ಬೇರೆ ಕೀಟಗಳಲ್ಲಿ ಜೊಲ್ಲು ಸುರಿಸುವ ಗ್ರಂಥಿಯೇ ಇಲ್ಲಿ ತಿರುಗಿ ತಿದ್ದಿಕೊಂಡು ದಾರದ ಕಾರ್ಖಾನೆಯಾಗಿದೆ. ವಿಕಾಸ ಹೊಸ ಪಾತ್ರೆ ಕೊಳ್ಳುವುದಿಲ್ಲ, ಹಳೆಯದಕ್ಕೇ ಕಲಾಯಿ ಹಾಕಿಸುತ್ತದೆ. ಇದರ ಇನ್ನೊಂದು ಅರ್ಥವನ್ನು ನಾನು ಪಂಕ್ತಿಯಲ್ಲಿ ಕೂತಿದ್ದಾಗ ಹೇಳಿ ಪೇಚಿಗೆ ಸಿಕ್ಕಿದೆ: ಮಡಿಗೆಂದು ಉಡುವ ಪಟ್ಟೆ ನೂರಕ್ಕೆ ನೂರು ಎಂಜಲು.

ಪರ್ಯಾಯ ಮಾದರಿ

ಹುಳುಮನೆಗೆ ಪ್ರವೇಶ ನಿಷೇಧವಾದ ಬಳಕೆದಾರರು (ನನ್ನಂಥವರು) ಹಿತ್ತಲಿನ ಚಕ್ಕೋತ ಗಿಡಕ್ಕೆ ಹೋಗಬಹುದು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರ ಎಳೆಲೆ ತಿನ್ನುವ ನಿಂಬೆ ಚಿಟ್ಟೆಯ ಹುಳುವಿಗೆ ಅದು ತಿಳಿದಿಲ್ಲ. ಮೊದಲ ನಾಲ್ಕು ಹಂತ ಆ ಹುಳು ಥೇಟ್ ಹಕ್ಕಿ ಹಿಕ್ಕೆ. ಕಂದು, ಬಿಳಿ, ಒದ್ದೆ ಹೊಳಪು. ಹಕ್ಕಿ ತನ್ನ ಹಿಕ್ಕೆಯನ್ನು ತಾನು ತಿನ್ನುವುದಿಲ್ಲ. ಹುಳು ದೊಡ್ಡದಾದಂತೆ ಅಷ್ಟು ದಪ್ಪ ಹಿಕ್ಕೆ ಹಾಕುವ ಹಕ್ಕಿ ಯಾವುದು ಎಂಬ ಪ್ರಶ್ನೆ ಏಳುತ್ತದಲ್ಲ, ಆಗ ಒಂದೇ ಪೊರೆಗೆ ಎಲೆಹಸಿರು ಅಂಗಿ ತೊಟ್ಟು ಎಲೆಯಲ್ಲಿ ಎಲೆಯಾಗುತ್ತದೆ. ಇದರ ಸೋದರ ಜಾತಿಯೊಂದರಲ್ಲಿ ಈ ವೇಷ ಬದಲಾವಣೆಯ ಹಿಂದಿರುವುದು ಜುವೆನೈಲ್ ಹಾರ್ಮೋನಿನ ಇಳಿತವೇ ಎಂದು 2008ರಲ್ಲಿ ಜಪಾನಿನ ಫುತಾಹಾಶಿ ಮತ್ತು ಫುಜಿವಾರಾ ತೋರಿಸಿದರು. ಕಡ್ಡಿಯಿಂದ ಮೆಲ್ಲಗೆ ತಿವಿಯಿರಿ. ತಲೆಯ ಹಿಂದಿನಿಂದ ಹಾವಿನ ನಾಲಗೆಯಂಥ ಕವಲು ಕೊಂಬು ಹೊರಬಂದು ಗಬ್ಬು ವಾಸನೆ ಬಿಡುತ್ತದೆ. ಇದನ್ನು ದೋಷವೆಂದು ದೂರು ಕೊಡಬೇಡಿ.

ಬಳಕೆ ಮುಗಿದ ಮೇಲೆ

ಹಣ್ಣಾದ ಹುಳು ಹೊಟ್ಟೆ ಖಾಲಿ ಮಾಡಿಕೊಂಡು, ಬೆಳಕಿಗೆ ಹಿಡಿದರೆ ದ್ರಾಕ್ಷಿಯಂತೆ ಕಾಣುತ್ತ ಗೂಡು ಕಟ್ಟುವ ತಟ್ಟಿ ಚಂದ್ರಿಕೆಯನ್ನು ಏರುತ್ತದೆ. ಎಂಟರ ಆಕಾರದಲ್ಲಿ ತಲೆ ಆಡಿಸುತ್ತ ಎರಡು ಮೂರು ದಿನ ನೂಲುತ್ತದೆ. ಮಾರುಕಟ್ಟೆಗೆ ಹೋಗುವ ಗೂಡಿನೊಳಗಿನ ಜೀವ ಬಿಸಿನೀರಿನಲ್ಲಿ ಮುಗಿಯುತ್ತದೆ. ಈ ವಿಷಯದಲ್ಲಿ ಕೈಪಿಡಿಗೆ ಹೇಳಲು ಏನೂ ಇಲ್ಲ.

ಆರು ಗೂಡು ಕೇಳಿ ಪಡೆದು ಸ್ಟೀಲ್ ಡಬ್ಬಿಯಲ್ಲಿಟ್ಟೆ. ಹತ್ತು ಹನ್ನೆರಡು ದಿನಕ್ಕೆ ಗೂಡಿನ ತುದಿ ಒದ್ದೆಯಾಯಿತು, ಬಿಳೀ ಪತಂಗವೊಂದು ತೂರಿಕೊಂಡು ಬಂತು. ಹುಳುವಿನೊಳಗೆ ಚರ್ಮದಡಿ ಚಿಕ್ಕ ಮಡಿಕೆಗಳಾಗಿ ಕಾದು ಕೂತಿದ್ದ ರೆಕ್ಕೆಗಳು ಈಗ ಮುದುರಿದ ಕರವಸ್ತ್ರದಂತೆ ಬಿಚ್ಚಿಕೊಂಡವು. ಬಡಿದವು. ಬಡಿದವು. ಪತಂಗ ಇದ್ದಲ್ಲೇ ಗಿರಗಿರ ಸುತ್ತಿತು. ಇದರ ಕಾಡು ಸೋದರ ಚೀನಾ, ಜಪಾನಿನ ಹಿಪ್ಪುನೇರಳೆ ಮರಗಳಲ್ಲಿ ಇಂದಿಗೂ ಹಾರಾಡಿಕೊಂಡಿದೆ. ಹಾರಿಹೋಗದವನ್ನೇ, ಹೆಚ್ಚು ನೂಲಿದವನ್ನೇ ನಾವು ಸಾವಿರಾರು ವರ್ಷ ಮುಂದಿನ ಬೆಳೆಗೆ ಉಳಿಸಿಕೊಳ್ಳುತ್ತ ಬಂದೆವು. ರೆಕ್ಕೆ ಉಳಿಯಿತು, ಹಾರಾಟ ಹೋಯಿತು. ತಿನ್ನುವ ಬಾಯಿಯಂತೂ ಮೊದಲೇ ಇಲ್ಲ.

ಗಂಡು ಹೆಣ್ಣು ಕೂಡಿದವು. ಹೆಣ್ಣನ್ನು ಕೈಗೆ ಸಿಕ್ಕ ಹಾಳೆಯೊಂದರ ಹಿಂಬದಿಗೆ ಬಿಟ್ಟೆ. ರಾತ್ರಿ ಕಳೆಯುವಷ್ಟರಲ್ಲಿ ನಾನೂರರಷ್ಟು ಹಳದಿ ಮೊಟ್ಟೆ, ಒಂದರ ಮೇಲೊಂದು ಬೀಳದಂತೆ, ಒತ್ತೊತ್ತಾಗಿ. ಹುಸಿಯಾದರೆ ನಾಲ್ಕೈದು ದಿನದಲ್ಲಿ ಸೊರಗಿ ಕುಳಿ ಬೀಳುತ್ತವೆ. ಇವು ಕುಳಿ ಬೀಳಲಿಲ್ಲ. ಎಂಟನೇ ದಿನ ಸೂಜಿಮೊನೆ ಚುಕ್ಕೆ ಮೂಡಿದ್ದನ್ನು ನೋಡಿ, ಕಪ್ಪು ಬಟ್ಟೆ ಹುಡುಕಲು ಒಳಗೆ ಹೋದೆ. ಬಂದು ನೋಡಿದರೆ ಹಾಳೆ ಇಲ್ಲ. ಅದು ವಿಜಯಪುರದ ಯಾರದೋ ಮದುವೆಯ ಆಹ್ವಾನ ಪತ್ರಿಕೆಯಾಗಿತ್ತು. ಛತ್ರದ ಹೆಸರು ನೋಡಿಕೊಳ್ಳಲೆಂದು ದೊಡ್ಡಮ್ಮ ಅದನ್ನು ಬ್ಯಾಗಿಗೆ ಹಾಕಿಕೊಂಡು, ಪಟ್ಟೆ ಸೀರೆ ಉಟ್ಟು, ಹತ್ತೂವರೆ ಬಸ್ಸಿಗೆ ಹೋಗಿಯಾಗಿತ್ತು.